ಗಣೇಶನ ಮದುವೆ: 35 ವರ್ಷ ಆದರೂ ನಮ್ಮ ಮನೆಯಲ್ಲಿ ಓಡುತ್ತಲೇ ಇದೆ. ನಿಮ್ಮ ಮನೆಯಲ್ಲಿ?

ಕೊನೆಮನೆ

ಕಳೆದ ಭಾನುವಾರ ಅಮ್ಮನ ಜತೆ ಕೂತು ‘ಗಣೇಶನ ಮದುವೆ’ ಸಿನಿಮಾ ನೋಡಿದೆ. ಎಷ್ಟನೇ ಸಲವೋ ಲೆಕ್ಕ ಇಲ್ಲ. ಅಮ್ಮನಿಗೆ ಈಗ 74. ಮದುವೆಯಾದ ಹೊಸತರಲ್ಲಿ ಚಾಮರಾಜಪೇಟೆಯ ಒಂದು ವಠಾರಕ್ಕೆ ಬಂದು 14 ವರ್ಷ ಅಲ್ಲೇ ಸಂಸಾರ ಮಾಡಿದವರು. ಎದುರುಬದುರು ಸಾಲುಮನೆ, ನಡುವೆ ಕಲ್ಲು ಹಾಸಿದ ಅಂಗಳ, ಎಲ್ಲರಿಗೂ ಸೇರಿ ಒಂದೇ ನಲ್ಲಿ. ನಮ್ಮದು ಕೊನೇ ಮನೆ. ನಾನು ಒಂಬತ್ತು ವರ್ಷದವನಾಗುವವರೆಗೆ ನನಗೆ ಗೊತ್ತಿದ್ದ ಪ್ರಪಂಚ ಅಷ್ಟೇ.

ಬೆಳಗ್ಗೆ ನಾಲ್ಕೂವರೆಗೆ ನೀರು ಬರುತ್ತಿತ್ತು. ಹಿಂದಿನ ರಾತ್ರಿಯೇ ನಲ್ಲಿ ಮುಂದೆ ಬಿಂದಿಗೆಗಳ ಸಾಲು. ಅಮ್ಮ ತಮ್ಮ ಬಿಂದಿಗೆಯ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದರು, ಗುರುತಿಗೆ. ಯಾರಾದರೂ ಅದನ್ನು ಹಿಂದಕ್ಕೆ ಸರಿಸಿದರೆ ಮುಗೀತು. ಅದೇ ಜಗಳ ಸಂಜೆ ಐದಕ್ಕೆ ಅದೇ ಪಕ್ಕದ ಮನೆಯವರಿಂದ ಕಾಫಿಪುಡಿ ಇಸಕೊಂಡು ಬರುವುದರಲ್ಲಿ ಮುಗಿಯುತ್ತಿತ್ತು.

ಸಿನಿಮಾದಲ್ಲಿ ಗಣೇಶನೂ ಓನರ್ ರಮಣಮೂರ್ತಿಯೂ ಕಚ್ಚಾಡುವುದನ್ನು ನೋಡಿ ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆಮೇಲೆ ಸುಮ್ಮನಾಗಿ ಒಂದು ಮಾತು ಹೇಳಿದರು: “ಮಧ್ಯೆ ಒಂದೇ ಗೋಡೆ ಇದ್ರೆ ಜಗಳಾನೂ ಒಂದು ಸಲುಗೆನೇ ಕಣೋ.” ಆ ಮಾತು ತಲೆಯಲ್ಲೇ ಉಳಿದುಬಿಟ್ಟಿದೆ. ಅದಕ್ಕೇ ಈ ಚರ್ಚೆ ಶುರು ಮಾಡಿದ್ದೇನೆ.

ನೋಡದವರಿಗೆ ಎರಡು ಸಾಲು. 1990ರ ಸಿನಿಮಾ. ನಿರ್ದೇಶನ ಫಣಿ ರಾಮಚಂದ್ರ. ವಠಾರದ ಬಾಡಿಗೆದಾರ ಗಣೇಶ ಅನಂತ್ ನಾಗ್, ಓನರ್ ರಮಣಮೂರ್ತಿ ಮುಖ್ಯಮಂತ್ರಿ ಚಂದ್ರು, ಅವರ ಮಗಳು ಆದಿಲಕ್ಷ್ಮಿ ವಿನಯಾ ಪ್ರಸಾದ್. ಗಣೇಶನಿಗೂ ಆದಿಲಕ್ಷ್ಮಿಗೂ ಹಾವು ಮುಂಗುಸಿ ಸಂಬಂಧ. ಇದೇ ಆದಿಲಕ್ಷ್ಮಿ ಶ್ರುತಿ ಅನ್ನೋ ಹೆಸರಲ್ಲಿ ಹಾಡುವವಳು. ಇದೇ ಗಣೇಶ ವೈ.ಜಿ. ರಾವ್ ಅನ್ನೋ ಹೆಸರಲ್ಲಿ ಅವಳಿಗೆ ಕಾಗದ ಬರೆಯುವವನು. ಅಂಗಳದಲ್ಲಿ ಮುಖ ಕಂಡರೆ ಆಗದ ಇಬ್ಬರು ಕಾಗದದಲ್ಲಿ ಒಬ್ಬರಿಗೊಬ್ಬರು ಕಾಯುತ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಕಥೆ ಗೊತ್ತು, ಕೊನೆ ಗೊತ್ತು. ಆದರೂ ಯಾಕೆ ಇದು ಹಳಸುವುದಿಲ್ಲ? ನಿಮಗೆ ಏನನ್ನಿಸುತ್ತೆ ಬರೆಯಿರಿ.

ರೇಡಿಯೋ ಕೇಳುಗಳು

ಕಾಗದದ ಬಗ್ಗೆ ನಾನು ಹೇಳಲೇಬೇಕು.

ನಮ್ಮ ಕಾಲದಲ್ಲಿ ರೇಡಿಯೋದಲ್ಲಿ ಹಾಡುವವರ ಮುಖ ಯಾರೂ ನೋಡಿರುತ್ತಿರಲಿಲ್ಲ. ದನಿ ಒಂದೇ ಪರಿಚಯ. ನಾವೇ ಒಂದು ಮುಖ ಮಾಡಿಕೊಳ್ಳುತ್ತಿದ್ದೆವು. ನಾನು ಮೈಸೂರಿನವಳು. ‘ಆಕಾಶವಾಣಿ’ ಅನ್ನೋ ಹೆಸರು ಹುಟ್ಟಿದ್ದೇ ನಮ್ಮೂರಲ್ಲಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದರು. ಆ ಹೆಸರೇ ಆಮೇಲೆ ದೇಶಕ್ಕೆಲ್ಲ ಆಯಿತು. ಹಾಗಾಗಿ ರೇಡಿಯೋ ಅಂದರೆ ನಮ್ಮ ಮನೆಯಲ್ಲಿ ಸ್ವಲ್ಪ ಜಾಸ್ತಿಯೇ ಪ್ರೀತಿ.

ಪಿಯುಸಿಯಲ್ಲಿದ್ದಾಗ ಒಬ್ಬ ಭಾವಗೀತೆ ಗಾಯಕಿಗೆ ನಾನು ಇನ್‌ಲ್ಯಾಂಡ್ ಲೆಟರ್ ಬರೆದಿದ್ದೆ. ಆ ನೀಲಿ ಕಾಗದದಲ್ಲಿ ಜಾಗ ಕಡಿಮೆ. ಮೂರು ಮಡಿಕೆ, ಅಂಟು ಹಚ್ಚುವ ಅಂಚಿನ ಹತ್ತಿರ ಬರೆಯುವ ಹಾಗಿಲ್ಲ. ಹಾಗಾಗಿ ಮೊದಲು ನೋಟ್‌ಬುಕ್ಕಿನಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಕೊನೆಗೆ ಇನ್‌ಲ್ಯಾಂಡಿಗೆ ಇಳಿಸುವುದು. ನಾಲ್ಕು ಸಲ ಯೋಚನೆ ಮಾಡಿ ಬರೆದ ಮಾತಿಗೂ ನಲ್ಲಿ ಕಟ್ಟೆಯಲ್ಲಿ ಬಾಯಿಗೆ ಬಂದ ಮಾತಿಗೂ ಎಷ್ಟು ವ್ಯತ್ಯಾಸ ಇರುತ್ತೆ ಹೇಳಿ!

ಗಣೇಶ ಕೆಟ್ಟವನೂ ಅಲ್ಲ, ಆದಿಲಕ್ಷ್ಮಿ ಜಗಳಗಂಟಿಯೂ ಅಲ್ಲ. ಅಂಗಳದಲ್ಲಿ ಇಬ್ಬರಿಗೂ ಒಂದು ಪಾತ್ರ ಅಂಟಿಕೊಂಡುಬಿಟ್ಟಿದೆ. ಅವನು ಓನರಿಗೆ ತಲೆನೋವಾದ ಬಾಡಿಗೆದಾರ, ಇವಳು ಓನರ್ ಮಗಳು. ಕಾಗದದಲ್ಲಿ ಆ ಪಾತ್ರ ಇಲ್ಲ. ಹೆಸರು ಬದಲಾದಾಗ ಇಬ್ಬರೂ ತಮ್ಮ ಒಳ್ಳೆಯ ಮುಖ ತೋರಿಸುತ್ತಾರೆ. ಅದು ಸುಳ್ಳು ಮುಖ ಅಲ್ಲ. ಅದೂ ಅವರದೇ. ನನಗೆ ಈ ಸಿನಿಮಾ ಇಷ್ಟವಾಗುವುದು ಇದಕ್ಕೇ.

ಆ ಗಾಯಕಿ ನನಗೆ ಉತ್ತರ ಬರೆದಿದ್ದರು. ಎರಡೇ ಸಾಲು. ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಧಾರವಾಡ ಪೇಡೆ

ನಮ್ಮ ಕಡೆ ವಠಾರಕ್ಕೆ ಚಾಳ ಅಂತೇವಿ, ನಲ್ಲಿಗೆ ನಳ. ಹೆಸರು ಬೇರೆ, ಜಗಳ ಅದೇ!

ನಾನು ಮುಖ್ಯಮಂತ್ರಿ ಚಂದ್ರು ಅವರ ಬಗ್ಗೆ ಬರೆಯಬೇಕು. ಎಲ್ಲರೂ ಅನಂತ್ ನಾಗ್ ಅಂತಾರೆ, ಸರಿ. ಆದರೆ ಎದುರಿಗೆ ರಮಣಮೂರ್ತಿ ಇಲ್ಲದಿದ್ದರೆ ಗಣೇಶ ಯಾರ ಜತೆ ಆಡಬೇಕಿತ್ತು? ಚಂದ್ರು ಅವರು ರಂಗಭೂಮಿಯವರು. 1980ರಲ್ಲಿ ಕಲಾಗಂಗೋತ್ರಿ ತಂಡದ ‘ಮುಖ್ಯಮಂತ್ರಿ’ ನಾಟಕದಲ್ಲಿ ಮಾಡಿದ ಪಾತ್ರವೇ ಅವರ ಹೆಸರಿನ ಮುಂದೆ ಕೂತುಬಿಟ್ಟಿತು. ನೂರಾರು ಪ್ರಯೋಗ ಆದ ನಾಟಕ ಅದು. ನಮ್ಮೂರಿಗೆ ಬಂದಾಗ ನಾನು ನೋಡಿದ್ದೇನೆ. ಮೈಕು ಕೈಕೊಟ್ಟರೂ ಕೊನೇ ಸಾಲಿಗೆ ಅವರ ಮಾತು ಸ್ಪಷ್ಟವಾಗಿ ಕೇಳಿಸಿತ್ತು.

ಆ ನಾಟಕದಲ್ಲಿ ಅಧಿಕಾರ ಬಿಟ್ಟುಕೊಡದ ಮನುಷ್ಯ. ಇಲ್ಲಿ ಸಾಲುಮನೆಗಳ ರಾಜ್ಯ ಬಿಟ್ಟುಕೊಡದ ಮನುಷ್ಯ. ರಮಣಮೂರ್ತಿಗೆ ಸಿಟ್ಟು ಬಂದಾಗ ಚಂದ್ರು ಅವರು ಅದನ್ನು ತಮಾಷೆ ಅಂತ ಆಡುವುದೇ ಇಲ್ಲ. ನಿಜವಾದ ಸಿಟ್ಟು ಅಂತಲೇ ಆಡುತ್ತಾರೆ. ತಾನು ನಗಿಸುತ್ತಿದ್ದೇನೆ ಅಂತ ಪಾತ್ರಕ್ಕೆ ಗೊತ್ತಿಲ್ಲ. ಅದಕ್ಕೇ ನಮಗೆ ನಗು ತಡೆಯಲು ಆಗುವುದಿಲ್ಲ. ಈಗಿನ ಎಷ್ಟೋ ಕಾಮಿಡಿಯಲ್ಲಿ ನಟ ಮೊದಲೇ ನಮ್ಮನ್ನು ನೋಡಿ “ಈಗ ನಗಿ” ಅನ್ನುವ ಹಾಗೆ ಮುಖ ಮಾಡುತ್ತಾರೆ. ನನಗೆ ಅದು ಹಿಡಿಸುವುದಿಲ್ಲ.

ಮೊದಲ ಸಲ ನೋಡಿದೆ

ನಮಸ್ಕಾರ. ನನಗೆ 23 ವರ್ಷ. ಪಿಜಿಯಲ್ಲಿ ಇರುವವಳು. ಈ ಚರ್ಚೆ ನೋಡಿ ನಿನ್ನೆ ರಾತ್ರಿ ಸಿನಿಮಾ ನೋಡಿದೆ.

ನಿಜ ಹೇಳಬೇಕು ಅಂದರೆ ಮೊದಲ ಅರ್ಧ ಗಂಟೆ ಸ್ವಲ್ಪ ನಿಧಾನ ಅನ್ನಿಸಿತು. ಮಾತೇ ಮಾತು. ಕ್ಯಾಮೆರಾ ಜಾಸ್ತಿ ಅಲ್ಲಾಡುವುದಿಲ್ಲ. ಕೆಲವು ಕಡೆ ಡಬ್ಬಿಂಗ್ ತುಟಿಗೆ ಕೂರುವುದಿಲ್ಲ. ಆದರೆ ಒಂದು ಹಂತ ದಾಟಿದ ಮೇಲೆ ಫೋನ್ ಪಕ್ಕಕ್ಕೆ ಇಟ್ಟೆ, ಆಮೇಲೆ ಮುಟ್ಟಲೇ ಇಲ್ಲ.

ನನಗೆ ತುಂಬಾ ಹಿಡಿಸಿದ್ದು ಆದಿಲಕ್ಷ್ಮಿ. ಹಳೇ ಸಿನಿಮಾ ಅಂದರೆ ಹೀರೋಯಿನ್ ಸುಮ್ನೆ ನಾಚಿಕೊಂಡು ನಿಂತಿರುತ್ತಾಳೆ ಅಂದುಕೊಂಡಿದ್ದೆ. ಇವಳು ಒಂದು ಮಾತೂ ಬಾಕಿ ಇಡುವುದಿಲ್ಲ. ಗಣೇಶ ಒಂದು ಹೇಳಿದರೆ ಇವಳು ಎರಡು. ಅವಳ ಬಾಯಿ ಮುಚ್ಚಿಸುವುದೇ ಗೆಲುವು ಅಂತ ಸಿನಿಮಾ ಎಲ್ಲೂ ಹೇಳುವುದಿಲ್ಲ. ಅದರ ಜತೆಗೆ ಅವಳಿಗೆ ಅವಳದೇ ಒಂದು ಹಾಡು, ಒಂದು ಹೆಸರು ಇದೆ. ಅಪ್ಪನ ಮನೆಯ ಆಚೆ ಅವಳನ್ನು ಮೆಚ್ಚುವವರು ಇದ್ದಾರೆ.

ಒಂದು ಪ್ರಶ್ನೆ. ಅಷ್ಟು ದಿನ ಕಾಗದ ಬರೆದುಕೊಂಡವರು ಒಬ್ಬರ ಫೋಟೋ ಒಬ್ಬರು ಕೇಳಬಾರದಿತ್ತಾ? ನನ್ನ ರೂಮ್‌ಮೇಟ್ ಇದನ್ನೇ ಕೇಳುತ್ತಾ ಕೂತಿದ್ದಳು.

ರೇಡಿಯೋ ಕೇಳುಗಳು

ಪುಟ್ಟಿ, ಒಳ್ಳೇ ಪ್ರಶ್ನೆ. ಆಗ ಫೋಟೋ ಅಂದರೆ ಸ್ಟುಡಿಯೋಗೆ ಹೋಗಿ ತೆಗೆಸಬೇಕು. ಮನೆಯಲ್ಲಿ ಹುಡುಗಿಯ ಒಂಟಿ ಫೋಟೋ ತೆಗೆಸುವುದು ಗಂಡಿನ ಕಡೆಯವರಿಗೆ ಕಳಿಸಲು ಮಾತ್ರ. ಗುರುತಿಲ್ಲದವನಿಗೆ ಫೋಟೋ ಕೊಟ್ಟಳು ಅಂದರೆ ಮನೆಯಲ್ಲಿ ರಾಮಾಯಣ. ನಮ್ಮ ಅಕ್ಕನ ಅಂಥ ಫೋಟೋ ಒಂದನ್ನು ಗಂಡಿನ ಕಡೆಯವರು ವಾಪಸ್ ಕೊಡದೆ ಅಪ್ಪ ಎರಡು ಸಲ ತುಮಕೂರಿಗೆ ಹೋಗಿ ಬಂದಿದ್ದರು. ಹಾಗಾಗಿ ಆ ಕಾಲಕ್ಕೆ ಮುಖ ನೋಡದೆ ಬರೆಯುವುದೇ ಸಹಜ.

ಇನ್ನೊಂದು ಮಾತು. ಬರೆಯುವವರಿಗೆ ಆ ಕಾಯುವುದರಲ್ಲೇ ಒಂದು ಸುಖ ಇತ್ತು. ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ನಿಮ್ಮ ರೂಮ್‌ಮೇಟ್‌ಗೂ ಹೇಳಿ.

ಲಂಬೋದರ ಫ್ಯಾನ್

ಎಲ್ಲರಿಗೂ ನಮಸ್ಕಾರ. ನನ್ನ ಓಟು ‘ಗೌರಿ ಗಣೇಶ’ಕ್ಕೆ. 1991. ಅದೇ ಫಣಿ ರಾಮಚಂದ್ರ, ಅದೇ ಅನಂತ್ ನಾಗ್, ಅದೇ ವಿನಯಾ ಪ್ರಸಾದ್, ಸಂಗೀತಕ್ಕೂ ಅದೇ ರಾಜನ್-ನಾಗೇಂದ್ರ. ಜತೆಗೆ ಮಾಸ್ಟರ್ ಆನಂದ್.

‘ಗಣೇಶನ ಮದುವೆ’ ಹಿತವಾಗಿದೆ, ಒಪ್ಪುತ್ತೇನೆ. ಆದರೆ ಚಿತ್ರಕಥೆ ಅಂತ ನೋಡಿದರೆ ‘ಗೌರಿ ಗಣೇಶ’ ಒಂದು ಕೈ ಮೇಲೆ. ಲಂಬೋದರನಿಗೆ (ಅನಂತ್ ನಾಗ್) ತೀರಿಕೊಂಡ ಹುಡುಗಿಯ ಡೈರಿ ಸಿಗುತ್ತೆ. ಅದರಲ್ಲಿ ಮೂರು ಜನ ದುಡ್ಡಿರುವವರ ಹೆಸರು. ಇಲ್ಲದ ಮಗುವಿನ ಹೆಸರು ಹೇಳಿ ಮೂವರಿಂದಲೂ ದುಡ್ಡು ವಸೂಲಿ ಮಾಡುತ್ತಾನೆ. ಸುಳ್ಳು ಮಗನಿಗೆ ನಿಜವಾದ ಹುಡುಗ ಬೇಕಾಗುತ್ತೆ. ಹುಡುಗ ಬಂದ ಮೇಲೆ ಅಮ್ಮ ಬೇಕಾಗುತ್ತಾಳೆ. ಒಂದು ಸುಳ್ಳು ಮುಚ್ಚಲು ಇನ್ನೊಂದು, ಅದಕ್ಕೆ ಮತ್ತೊಂದು. ಸುಳ್ಳು ಹೇಳುತ್ತಾ ಹೇಳುತ್ತಾ ಅವನಿಗೇ ಗೊತ್ತಿಲ್ಲದೆ ಒಂದು ಸಂಸಾರ ಕಟ್ಟಿಕೊಳ್ಳುತ್ತಾನೆ ಅಲ್ವಾ, ಅಲ್ಲಿ ನನಗೆ ಪ್ರತಿ ಸಲವೂ ಗಂಟಲು ಕಟ್ಟುತ್ತೆ.

ಅನಂತ್ ನಾಗ್ ಇಲ್ಲಿ ಕಣ್ಣು ಮಿಟುಕಿಸದೆ ಸುಳ್ಳು ಹೇಳುವುದನ್ನು ನೋಡಿ. ದನಿ ಏರಿಸುವುದಿಲ್ಲ, ಮುಖ ಕಿವುಚುವುದಿಲ್ಲ. ಎದುರಿನವರು ಪ್ರಶ್ನೆ ಕೇಳಿದಾಗ ಅರೆಗಳಿಗೆ ನಿಲ್ಲುತ್ತಾರೆ. ಆ ಅರೆಗಳಿಗೆಯಲ್ಲಿ ಹೊಸ ಸುಳ್ಳು ತಯಾರಾಗುವುದು ನಮಗೆ ಕಾಣುತ್ತೆ, ಎದುರಿನವರಿಗೆ ಕಾಣುವುದಿಲ್ಲ. ಮುಂಬೈಯಲ್ಲಿ ಕೊಂಕಣಿ, ಮರಾಠಿ, ಕನ್ನಡ ನಾಟಕ ಆಡಿ ಬಂದವರು ಅವರು. ಹಿಂದಿಯಲ್ಲಿ ‘ಅಂಕುರ್’ನಂಥ ಗಂಭೀರ ಸಿನಿಮಾ ಮಾಡಿದ ಮನುಷ್ಯನೇ ಇದನ್ನೂ ಮಾಡಿದ್ದು ಅಂದರೆ ಆಶ್ಚರ್ಯ ಆಗುತ್ತೆ. ಎರಡೂ ಕಡೆ ಕೆಲಸ ಒಂದೇ, ಪಾತ್ರವನ್ನು ನಂಬುವುದು.

ಮಲೆನಾಡ ಗಿಡ್ಡಿ

ಲಂಬೋದರ ಫ್ಯಾನ್ ಸರ್, ನನ್ನ ಮಾತು ಓದಿ ಬೇಜಾರಾಗಬೇಡಿ, ನನಗೆ ‘ಗೌರಿ ಗಣೇಶ’ ನೋಡುವಾಗ ಒಳಗೊಳಗೇ ಒಂದು ಇರುಸುಮುರುಸು. ತೀರಿಕೊಂಡ ಹೆಣ್ಣುಮಗಳ ಡೈರಿ ಅದು. ಅವಳು ನಂಬಿ ಬರೆದುಕೊಂಡದ್ದು. ಅದನ್ನು ಇಟ್ಟುಕೊಂಡು ಅವಳ ಹೆಸರಿಗೆ ಇಲ್ಲದ ಮಗು ಕಟ್ಟುತ್ತಾನೆ. ಚಿಕ್ಕವಳಿದ್ದಾಗ ಬಿದ್ದು ಬಿದ್ದು ನಕ್ಕಿದ್ದೆ. ಈಗ ನನ್ನ ಮಗಳು ಡೈರಿ ಬರೆಯುವ ವಯಸ್ಸಿಗೆ ಬಂದಿದ್ದಾಳೆ. ನಗು ಮೊದಲಿನ ಹಾಗೆ ಬರುವುದಿಲ್ಲ.

‘ಗಣೇಶನ ಮದುವೆ’ಯಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಯಾರ ಬೆನ್ನ ಹಿಂದೆಯೂ ಯಾರೂ ಅವರ ಮಾನ ಕಳೆಯುವುದಿಲ್ಲ. ಬೈಯುವುದೆಲ್ಲ ಎದುರಿಗೇ. ನಮ್ಮ ಮನೆಯಲ್ಲಿ ಅಜ್ಜಿಯಿಂದ ಮಗಳವರೆಗೆ ನಾಲ್ಕು ತಲೆಮಾರು ಒಟ್ಟಿಗೆ ಕೂತು ನೋಡಿದ್ದೇವೆ. ರಿಮೋಟ್ ಹುಡುಕುವ ಪ್ರಸಂಗ ಒಮ್ಮೆಯೂ ಬರಲಿಲ್ಲ.

ಲಂಬೋದರ ಫ್ಯಾನ್

ಅಕ್ಕಾ, ಬೇಜಾರೇನೂ ಇಲ್ಲ. ಆ ಹುಡುಗಿಯ ಕಡೆಯಿಂದ ನಾನು ಯೋಚನೆ ಮಾಡಿರಲೇ ಇಲ್ಲ. ನನ್ನ ಓಟು ಬದಲಾಗುವುದಿಲ್ಲ, ಆದರೆ ಮುಂದಿನ ಸಲ ಆ ಡೈರಿ ಕಂಡಾಗ ನಿಮ್ಮ ಮಾತು ನೆನಪಾಗುತ್ತೆ.

ಕೊನೆಮನೆ

ಒಳ್ಳೇ ಮಾತುಕತೆ. ನಾನು ಒಂದು ಸೇರಿಸುತ್ತೇನೆ. 1990ರಲ್ಲೇ ‘ಉದ್ಭವ’ ಕೂಡ ಬಂತು. ಕೋಡ್ಲು ರಾಮಕೃಷ್ಣ ಅವರ ನಿರ್ದೇಶನ, ಬಿ.ವಿ. ವೈಕುಂಠರಾಜು ಅವರ ಕಾದಂಬರಿ. ಅಲ್ಲೂ ಅನಂತ್ ನಾಗ್, ಅಲ್ಲೂ ಗಣೇಶ, ಆದರೆ ರಸ್ತೆಯಲ್ಲಿ ಉದ್ಭವ ಆಗುವ ಗಣೇಶ! ಅದರ ನಗುವಿಗೆ ಮುಳ್ಳಿದೆ. ನೋಡಿ ಮುಗಿದ ಮೇಲೆ ಊರಿನ ಮೇಲೆ, ನಮ್ಮ ಮೇಲೆ ಸಿಟ್ಟು ಬರಬೇಕು, ಬರುತ್ತೆ. ‘ಗಣೇಶನ ಮದುವೆ’ ನೋಡಿದ ಮೇಲೆ ಪಕ್ಕದ ಮನೆಯವರನ್ನು ಮಾತಾಡಿಸಬೇಕು ಅನ್ನಿಸುತ್ತೆ. ಎರಡೂ ಬೇಕು. ಆದರೆ ಭಾನುವಾರ ಮಧ್ಯಾಹ್ನ ಅಮ್ಮನ ಜತೆ ಕೂತಾಗ ನನ್ನ ಕೈ ಎರಡನೆಯದರ ಕಡೆಗೇ ಹೋಗುತ್ತೆ.

ಬೇ ಏರಿಯಾ ಬಾಣಸಿಗ

ಹೊರದೇಶದಿಂದ ಒಂದು ಮಾತು. ಕಾಗದದಲ್ಲಿ ಪ್ರೀತಿ, ಎದುರಿಗೆ ಜಗಳ ಅನ್ನೋ ಎಳೆ ಬೇರೆ ಕಡೆಯೂ ಇದೆ. 1937ರಲ್ಲಿ ಹಂಗರಿಯ ಮಿಕ್ಲೋಶ್ ಲಾಸ್ಲೋ ‘ಪರ್ಫ್ಯೂಮರಿ’ ಅಂತ ನಾಟಕ ಬರೆದರು. ಅದರ ಮೇಲೆ 1940ರಲ್ಲಿ ಹಾಲಿವುಡ್‌ನಲ್ಲಿ ಅರ್ನ್ಸ್ಟ್ ಲುಬಿಟ್ಶ್ ಸಿನಿಮಾ ಮಾಡಿದರು. 1998ರಲ್ಲಿ ಅದೇ ಕಥೆ ‘ಯೂ ಹ್ಯಾವ್ ಗಾಟ್ ಮೇಲ್’ ಆಯಿತು, ಕಾಗದದ ಬದಲು ಇ-ಮೇಲ್.

ಅವುಗಳನ್ನೂ ನೋಡಿದ್ದೇನೆ, ಚೆನ್ನಾಗಿವೆ. ಆದರೆ ಅಲ್ಲಿ ಜಗಳ ಅಂಗಡಿಯಲ್ಲಿ, ವ್ಯಾಪಾರದಲ್ಲಿ. ಸಂಜೆ ಬಾಗಿಲು ಹಾಕಿದರೆ ಇಬ್ಬರೂ ತಮ್ಮ ತಮ್ಮ ಮನೆಗೆ. ನಮ್ಮ ಗಣೇಶನಿಗೆ ಹೋಗಲು ಬೇರೆ ಮನೆಯೇ ಇಲ್ಲ. ಜಗಳ ಆಡಿದವಳು ಹತ್ತು ಹೆಜ್ಜೆ ಆಚೆ ಇದ್ದಾಳೆ. ಅವಳ ಅಪ್ಪನಿಗೆ ಬಾಡಿಗೆ ಕೊಡಬೇಕು. ತಪ್ಪಿಸಿಕೊಳ್ಳಲು ದಾರಿ ಇಲ್ಲದ ಆ ಇಕ್ಕಟ್ಟೇ ಇದನ್ನು ಕನ್ನಡದ ಸಿನಿಮಾ ಮಾಡಿದೆ ಅನ್ನಿಸುತ್ತೆ.

ನನ್ನ ಮಕ್ಕಳಿಬ್ಬರೂ ಇಲ್ಲೇ ಹುಟ್ಟಿದವರು. ಅವರಿಗೆ ‘ವಠಾರ’ ಅಂದರೆ ಏನು ಅಂತ ಹೇಳಲು ಹೋಗಿ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಸಣ್ಣವನು ಕೇಳಿದ: “ಅಪ್ಪಾ, ಎಲ್ರಿಗೂ ಎಲ್ಲಾ ಕೇಳಿಸ್ತಿತ್ತಾ?” ಹೌದಪ್ಪಾ, ಕೇಳಿಸುತ್ತಿತ್ತು ಅಂದೆ. ಈಗ ನಮ್ಮ ಪಕ್ಕದ ಮನೆಯವರ ಹೆಸರು ನನಗೆ ಗೊತ್ತಾಗಲು ಮೂರು ವರ್ಷ ಹಿಡಿಯಿತು.

ಮೊದಲ ಸಲ ನೋಡಿದೆ

ಬಾಣಸಿಗ ಸರ್, ನಮ್ಮ ಪಿಜಿಯಲ್ಲಿ ಈಗಲೂ ಎಲ್ಲರಿಗೂ ಎಲ್ಲಾ ಕೇಳಿಸುತ್ತೆ. ಒಂದು ಫ್ಲೋರಿಗೆ ಒಂದೇ ಗೀಸರ್. ಬೆಳಗ್ಗೆ ಬಕೆಟ್ ಸಾಲು. ಕೊನೆಮನೆ ಸರ್ ಬಿಂದಿಗೆ ಕಥೆ ಓದಿ, ನಾನೂ ನನ್ನ ಬಕೆಟ್ ಹಿಡಿಗೆ ಒಂದು ಹೇರ್‌ಬ್ಯಾಂಡ್ ಸುತ್ತಿದ್ದೇನೆ.

ಹಳೇ ಕ್ಯಾಸೆಟ್

ಯಾರೂ ‘ಬೆಳದಿಂಗಳ ಬಾಲೆ’ ಎತ್ತಲೇ ಇಲ್ಲವಲ್ಲ! 1995, ಸುನೀಲ್ ಕುಮಾರ್ ದೇಸಾಯಿ, ಯಂಡಮೂರಿ ವೀರೇಂದ್ರನಾಥ್ ಅವರ ಕಾದಂಬರಿ. ಅಲ್ಲಿ ಅನಂತ್ ನಾಗ್ ಚೆಸ್ ಆಟಗಾರ. ಫೋನಿನಲ್ಲಿ ಒಂದು ಹೆಣ್ಣು ದನಿ. ಕೊನೆವರೆಗೂ ಅವಳ ಮುಖ ನಮಗೆ ಕಾಣಿಸುವುದಿಲ್ಲ.

ಐದು ವರ್ಷದ ಅಂತರದಲ್ಲಿ ಒಬ್ಬನೇ ನಟ ಎರಡು ಸಲ ದನಿಯನ್ನು ಪ್ರೀತಿಸುತ್ತಾನೆ. ಒಮ್ಮೆ ಆ ದನಿ ಅದೇ ಅಂಗಳದಲ್ಲಿ ಇರುತ್ತೆ. ಇನ್ನೊಮ್ಮೆ ಅವನು ತಲುಪುವ ಹೊತ್ತಿಗೆ ಇಲ್ಲವಾಗಿರುತ್ತೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಮೊದಲು ‘ಬೆಳದಿಂಗಳ ಬಾಲೆ’, ಆಮೇಲೆ ‘ಗಣೇಶನ ಮದುವೆ’. ಉಲ್ಟಾ ನೋಡಬೇಡಿ, ರಾತ್ರಿ ನಿದ್ದೆ ಬರುವುದಿಲ್ಲ.

ಹಾಗೇ ರಾಜನ್-ನಾಗೇಂದ್ರ ಅವರಿಗೆ ಒಂದು ನಮಸ್ಕಾರ. ಮೈಸೂರಿನ ಈ ಅಣ್ಣ-ತಮ್ಮ 1976ರ ‘ಬಯಲು ದಾರಿ’ಗೆ ಕೊಟ್ಟ ಹಾಡುಗಳಿಂದಲೇ ಅನಂತ್ ನಾಗ್ ಅವರಿಗೆ ನಮ್ಮ ಮನೆಯಲ್ಲಿ ಖಾಯಂ ಜಾಗ ಸಿಕ್ಕಿದ್ದು. ‘ಗಣೇಶನ ಮದುವೆ’ಗೆ ಅವರು ಕೊಟ್ಟ ಹಾಡುಗಳು ಅಷ್ಟು ದೊಡ್ಡ ಹೆಸರು ಮಾಡಲಿಲ್ಲ. ಆದರೆ ಕಥೆ ಒಬ್ಬ ಗಾಯಕಿಯದು. ಅವಳ ಹಾಡು ಕೇಳಿ ಗಣೇಶ ಮನಸೋತ ಅಂದರೆ ನಾವು ನಂಬಬೇಕು. ನಾನು ನಂಬಿದೆ.

ಮಲೆನಾಡ ಗಿಡ್ಡಿ

ಕೊನೆಮನೆ ಅವರೇ, ಒಂದು ಕೇಳಬೇಕಿತ್ತು. ನಿಮ್ಮ ವಠಾರದ ಓನರ್ ಹೇಗಿದ್ದರು? ರಮಣಮೂರ್ತಿ ಹಾಗೇನಾ? ಅಮ್ಮನನ್ನು ಕೇಳಿ ಬರೆಯಿರಿ ಪ್ಲೀಸ್.

ಕೊನೆಮನೆ

ಕೇಳಿದೆ ಅಕ್ಕಾ. ಇವತ್ತು ಸಂಜೆ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಪಕ್ಕದಲ್ಲಿ ಕೂತು ನಾನೂ ಬಿಡಿಸುತ್ತಾ ಕೇಳಿದೆ.

ಓನರ್ ಬಹಳ ಜೋರು ಮನುಷ್ಯ ಆಗಿದ್ದರಂತೆ. ರಾತ್ರಿ ಒಂಬತ್ತೂವರೆ ಆದರೆ ಅಂಗಳದ ದೀಪ ಆರಿಸುತ್ತಿದ್ದರು. ಕರೆಂಟ್ ಮೀಟರ್ ಒಂದೇ, ಹಾಗಾಗಿ ಯಾರ ಮನೆಯಲ್ಲಿ ಎಷ್ಟು ಬಲ್ಬ್ ಅಂತ ಎಣಿಸುತ್ತಿದ್ದರು. ನಾವು ಇಸ್ತ್ರಿ ಪೆಟ್ಟಿಗೆ ತಂದಾಗ ಒಂದು ವಾರ ಅಪ್ಪನ ಜತೆ ಮಾತು ಬಿಟ್ಟಿದ್ದರಂತೆ. ಅಮ್ಮ ಇದನ್ನೆಲ್ಲ ಹೇಳುವಾಗ ಈಗಲೂ ಸಿಟ್ಟೇ.

ಆಮೇಲೆ ಕೈ ನಿಲ್ಲಿಸಿ ಹೇಳಿದರು. ನನಗೆ ಎರಡು ವರ್ಷ ಇದ್ದಾಗ ಒಂದು ರಾತ್ರಿ ಜ್ವರ ಜಾಸ್ತಿಯಾಗಿ ಫಿಟ್ಸ್ ಬಂತಂತೆ. ಅಪ್ಪ ಊರಲ್ಲಿರಲಿಲ್ಲ. ಅಮ್ಮ ಬಾಗಿಲು ತೆಗೆದು ಕೂಗಿದ್ದಷ್ಟೇ. ಓನರ್ ಪಂಚೆಯಲ್ಲೇ ಓಡಿ ಬಂದು, ನನ್ನನ್ನು ಎತ್ತಿಕೊಂಡು ಹೊರಗೆ ಆಟೋ ಸಿಗುವವರೆಗೆ ಓಡುತ್ತಲೇ ಇದ್ದರಂತೆ. ಚಪ್ಪಲಿ ಹಾಕಿಕೊಂಡಿರಲಿಲ್ಲ. ಬೆಳಗ್ಗೆವರೆಗೆ ಆಸ್ಪತ್ರೆಯಲ್ಲೇ ಕೂತಿದ್ದು, ವಾಪಸ್ ಬಂದ ಮೇಲೆ ಅಂಗಳದ ದೀಪ ರಾತ್ರಿಯೆಲ್ಲ ಉರಿದಿದ್ದಕ್ಕೆ ಎಲ್ಲರಿಗೂ ಬೈದರಂತೆ.

ಇದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. “ಯಾಕಮ್ಮಾ ಹೇಳಿರಲಿಲ್ಲ?” ಅಂದೆ. “ನೀನು ಕೇಳಿರ್ಲಿಲ್ವಲ್ಲೋ” ಅಂದರು.

ಆ ವಠಾರ ಈಗ ಇಲ್ಲ. ಅದೇ ಜಾಗದಲ್ಲಿ ನಾಲ್ಕಂತಸ್ತಿನ ಕಟ್ಟಡ. ಓನರ್ ತೀರಿಕೊಂಡೂ ತುಂಬಾ ವರ್ಷ ಆಯಿತು.

ಈ ಭಾನುವಾರ ಸಿನಿಮಾ ಮತ್ತೆ ಹಾಕು ಅಂದಿದ್ದಾರೆ ಅಮ್ಮ. ಈ ಸಲ ಗಣೇಶನನ್ನಲ್ಲ, ರಮಣಮೂರ್ತಿಯನ್ನೇ ನೋಡಬೇಕಂತೆ.